ಹಳ್ಳದ ಮಡುವಿನಲ್ಲಿ ತೊಳೆದ ಪಂಪು

ಗುರುಲಿಂಗಪ್ಪ ರೊಟ್ಟಿಯ ಮೊದಲ ತುತ್ತು ಮುರಿದಿದ್ದ, ಅಷ್ಟರಲ್ಲಿ ಹೊಲದ ಆಳು ಸೋಮನಿಂಗ ಓಡಿ ಬಂದು ಬಾಗಿಲಲ್ಲಿ ನಿಂತ.

"ಗೌಡ್ರ, ಅಮಸಿದ್ದಣ್ಣನ ಕುರಿ ಸಾಯಾಕತ್ತಾವ್ರಿ. ರಾಚಪ್ಪನ ಹೊಲದ ಒಡ್ಡಿನ ಮ್ಯಾಲ ಬಿದ್ದಾವು."

ಗುರುಲಿಂಗಪ್ಪ ತಾಟು ಸರಿಸಿ ಎದ್ದ. ಹೋಗಿ ನೋಡಿದರೆ ಒಡ್ಡಿನುದ್ದಕ್ಕೂ ಹನ್ನೊಂದು ಕುರಿ ಬಿದ್ದಿದ್ದವು. ಕೆಲವು ಆಗಲೇ ಸತ್ತಿದ್ದವು. ಉಳಿದವು ಹಲ್ಲು ಕಡಿಯುತ್ತ, ಬಾಯಲ್ಲಿ ನೊರೆ ಬಿಡುತ್ತ, ಕಾಲು ಬಡಿಯುತ್ತಿದ್ದವು. ಅಮಸಿದ್ದ ಒಂದು ಗಬ್ಬದ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಹೆಂಡತಿ ಶೇವಂತೆವ್ವ ಅದಕ್ಕೆ ಹುಣಸೆಹಣ್ಣಿನ ನೀರು ಕುಡಿಸಲು ನೋಡುತ್ತಿದ್ದಳು. ಕುರಿ ನುಂಗುತ್ತಿರಲಿಲ್ಲ.

ಗುರುಲಿಂಗಪ್ಪ ಪಕ್ಕದಲ್ಲಿ ಕೂತು ಕುರಿಯ ದವಡೆ ಬಿಡಿಸಿ ಹಿಡಿದ. ಅವನು ನಲವತ್ತು ಎಕರೆಯ ಒಕ್ಕಲಿಗ, ಅಮಸಿದ್ದ ಕುರಿ ಕಾಯುವವನು. ಆದರೂ ಇಬ್ಬರೂ ಹುಡುಗರಾಗಿದ್ದಾಗ ಒಟ್ಟಿಗೆ ಹಳ್ಳದಲ್ಲಿ ಈಜು ಕಲಿತವರು. ವರ್ಷಕ್ಕೊಮ್ಮೆ ಅಮಸಿದ್ದ ತನ್ನ ಹಿಂಡನ್ನು ಗುರುಲಿಂಗಪ್ಪನ ಹೊಲದಲ್ಲಿ ಹದಿನೈದು ದಿನ ತರುಬುತ್ತಿದ್ದ. ಆ ಗೊಬ್ಬರದಿಂದಲೇ ಆ ಎರೆಹೊಲದ ಜೋಳ ಆಳೆತ್ತರ ನಿಲ್ಲುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದೂ ಸತ್ತಿದ್ದವು. ಆಗ ಬಾಗೇವಾಡಿಯಿಂದ ದನದ ಡಾಕ್ಟರು ಬಂದರು. ಸತ್ತ ಕುರಿಗಳನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಬ್ಯಾನಿ ಅಲ್ಲ," ಎಂದರು. "ವಿಷ. ಏನೋ ತಿಂದಾವ, ಇಲ್ಲಾ ಕುಡದಾವ."

ವಿಷ ಎಂಬ ಮಾತು ಕೇಳಿದ್ದೇ ತಡ, ಸುತ್ತ ನಿಂತವರೆಲ್ಲ ರಾಚಪ್ಪನ ಕಡೆ ತಿರುಗಿದರು. ರಾಚಪ್ಪ ಮೂರು ಎಕರೆಯ ಬಡವ. ಎಂಟು ದಿನದ ಹಿಂದೆ ಅಮಸಿದ್ದನ ಕುರಿಗಳು ಅವನ ತೊಗರಿಗೆ ನುಗ್ಗಿದ್ದವು. ಆಗ ಅವನು ನಾಲ್ಕು ಮಂದಿಯ ಎದುರು, "ಇನ್ನೊಮ್ಮಿ ಬಂದ್ರ ಒಂದೂ ಉಳಸೂದಿಲ್ಲ" ಎಂದು ಕೂಗಾಡಿದ್ದ. ಈಗ ಕುರಿಗಳು ಬಿದ್ದದ್ದೂ ಅವನ ಹೊಲದ ಒಡ್ಡಿನ ಮೇಲೆಯೇ.

"ನಾ ಏನೂ ಮಾಡಿಲ್ರಿ," ಎಂದ ರಾಚಪ್ಪ. ಅವನ ತುಟಿ ಒಣಗಿತ್ತು. "ಸಿಟ್ಟಿಗೆ ಆಡಿದ ಮಾತು ಅದು. ಮೂಕ ಪ್ರಾಣಿಗೆ ವಿಷ ಇಡೂ ಮನಶ್ಯಾ ಅಲ್ರಿ ನಾ."

ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ಸೋಮವಾರ ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಊರ ದೈವ, ಅಂದರೆ ಪಂಚರೂ ಊರವರೂ, ಕೂಡಿ ನ್ಯಾಯ ಹೇಳಬೇಕೆಂದು ಹಿರಿಯರು ಗೊತ್ತು ಮಾಡಿದರು. ಐವರು ಪಂಚರಲ್ಲಿ ಗುರುಲಿಂಗಪ್ಪನೂ ಒಬ್ಬ. ಅವನ ಮಾತಿಗೆ ಊರಲ್ಲಿ ತೂಕ ಹೆಚ್ಚು.

ಊರಿನ ಹೆಸರು ಬೇವಿನಕಟ್ಟಿ, ಇಂಗಳೇಶ್ವರದ ಆಚೆಗೆ. ಎಪ್ಪತ್ತೆರಡರ ಬರ ಕಳೆದು ನಾಲ್ಕು ವರ್ಷವಾಗಿತ್ತು. ಮಳೆ ಚೆನ್ನಾಗಿ ಹಿಡಿದಿದ್ದರಿಂದ ಗುರುಲಿಂಗಪ್ಪ ಆ ವರ್ಷ ಮೊದಲ ಬಾರಿಗೆ ನಾಲ್ಕು ಎಕರೆ ಹೈಬ್ರಿಡ್ ಹತ್ತಿ ಹಾಕಿದ್ದ. ಬಾವಿಗೆ ಇಂಜಿನ್ನು ಕೂಡಿಸಿದ್ದ. ಹತ್ತಿಗೆ ಕಾಯಿಹುಳ ಬಿದ್ದಾಗ ಬೆನ್ನಿಗೆ ಕಟ್ಟಿಕೊಳ್ಳುವ ಪಂಪು ತಂದು ಔಷಧ ಹೊಡೆಸಿದ್ದ. ಆ ಔಷಧಕ್ಕೆ ಊರವರು 'ಎಣ್ಣಿ' ಎನ್ನುತ್ತಿದ್ದರು. ವಾರಕ್ಕೊಮ್ಮೆ ಎಣ್ಣಿ ಹೊಡೆಯುವುದು, ಸಂಜೆ ಸೋಮನಿಂಗ ಪಂಪನ್ನೂ ಖಾಲಿ ಡಬ್ಬಿಗಳನ್ನೂ ಹಳ್ಳದ ಮಡುವಿನಲ್ಲಿ ತೊಳೆದು ತರುವುದು ನಡೆದಿತ್ತು.

ಆ ಮಡುವೇ ಊರಿನ ಜೀವ. ದೀಪಾವಳಿಯ ಹೊತ್ತಿಗೆ ಹಳ್ಳದ ಹರಿವು ನಿಂತರೂ ಮಡುವಿನಲ್ಲಿ ಬೇಸಿಗೆಯ ತನಕ ನೀರು ಇರುತ್ತದೆ. ದನ, ಕುರಿ ಅಲ್ಲೇ ಕುಡಿಯುತ್ತವೆ. ಪಕ್ಕದ ಮರಳಿನಲ್ಲಿ ಹೆಂಗಸರು ಗುಂಡಿ ತೋಡಿ, ಒಸರಿದ ನೀರನ್ನು ಚರಿಗೆಯಿಂದ ಗೋರಿ ಕೊಡ ತುಂಬುತ್ತಾರೆ. ಅದಕ್ಕೆ ವರತಿ ಎಂದು ಹೆಸರು. ಊರಲ್ಲಿ ಬಾವಿಗಳಿದ್ದರೂ ಅವುಗಳ ನೀರು ಸವುಳು, ಆ ನೀರಲ್ಲಿ ಬೇಳೆ ಬೇಯುವುದಿಲ್ಲ. ವರತಿಯ ನೀರು ಮಾತ್ರ ಎಳನೀರಿನಂತೆ ಸಿಹಿ.

ಮರುದಿನ ರವಿವಾರ ಗ್ರಾಮಸೇವಕ ಬಂದಗಿಸಾಬ ಸೈಕಲ್ಲು ತುಳಿಯುತ್ತ ಬಂದ. ಒಕ್ಕಲುತನದ ಮಾತಿದ್ದರೆ ಸುತ್ತಿನ ಏಳು ಹಳ್ಳಿಗೂ ಅವನೇ ಆಸರೆ. ಹತ್ತಿ ನೋಡಲು ಬಂದವನು ದಾರಿಯಲ್ಲಿ ಕುರಿಯ ಸುದ್ದಿ ಕೇಳಿ ಮೊದಲು ಮಡುವಿನ ಕಡೆ ಹೋದ. ಅಲ್ಲಿಂದ ಗುರುಲಿಂಗಪ್ಪನಿಗೆ ಹೇಳಿ ಕಳಿಸಿದ.

"ಇಲ್ಲಿ ನೋಡ್ರಿ ಗೌಡ್ರ," ಎಂದು ಬಂದಗಿಸಾಬ ನೀರಿನ ಅಂಚಿಗೆ ಕೈ ತೋರಿಸಿದ. ಸಣ್ಣ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕಪ್ಪೆಗಳ ಸದ್ದಿರಲಿಲ್ಲ. ಪಂಪು ತೊಳೆಯುವ ಕಲ್ಲಿನ ಸುತ್ತ ಕರಿಕೆ ಹುಲ್ಲು ಸುಟ್ಟಂತೆ ಹಳದಿಯಾಗಿತ್ತು. ಕಲ್ಲಿನ ಹಿಂದೆ ಒಂದು ಖಾಲಿ ಡಬ್ಬಿ ಬಿದ್ದಿತ್ತು.

"ಈ ಡಬ್ಬಿ ಯಾರದ್ರಿ?"

"ನಂದ," ಎಂದ ಗುರುಲಿಂಗಪ್ಪ. "ಶುಕ್ರವಾರ ಸಂಜೀಕ ಸೋಮನಿಂಗ ಇಲ್ಲೇ ತೊಳದಾನ. ಅದಕ್ಕೇನೀಗ?"

"ಶನಿವಾರ ಮುಂಜಾನಿ ಆ ಹನ್ನೊಂದು ಕುರಿ ಈ ಕಲ್ಲಿನ ಹಂತ್ಯಾಕನ ನೀರು ಕುಡದಾವ. ಮೇಕೋತ ಮೇಕೋತ ರಾಚಪ್ಪನ ಒಡ್ಡಿಗೆ ಹೋಗೂದ್ರಾಗ ವಿಷ ಏರೈತಿ. ರಾಚಪ್ಪಂದು ಏನೂ ತಪ್ಪಿಲ್ರಿ."

ಗುರುಲಿಂಗಪ್ಪನ ಮುಖ ಬಿಗಿಯಿತು. "ಬಂದಗಿಸಾಬ್ರ, ನೀವು ಕಲತಾವ್ರು ಖರೆ. ಆದ್ರ ಆ ಎಣ್ಣಿ ಹುಳಾ ಕೊಲ್ಲಾಕ ಮಾಡಿದ್ದು, ಕುರಿ ಕೊಲ್ಲಾಕಲ್ಲ. ಡಬ್ಬಿ ತಳದಾಗ ಉಳದದ್ದರೆ ಎಷ್ಟು? ಒಂದು ಚಮಚಾ. ಇಷ್ಟ ದೊಡ್ಡ ಮಡುವಿನಾಗ ಅದು ಎಲ್ಲಿ ಹತ್ತತೈತಿ?"

"ಹುಳ ಯಾವುದು, ಕುರಿ ಯಾವುದು ಅಂತ ವಿಷಕ್ಕ ಗೊತ್ತಾಗೂದಿಲ್ರಿ. ಹಳ್ಳ ಹರೀತಿದ್ರ ಅದು ಕೆಳಗಿನ ಊರಿಗೆ ಹೋಗ್ತಿತ್ತು. ಆಮ್ಯಾಲ ಡೋಣಿ ಹೊಳಿಗೆ, ಡೋಣಿಯಿಂದ ಕೃಷ್ಣಾಕ್ಕ. ಈಗ ನೀರು ನಿಂತೈತಿ, ವಿಷಾನೂ ನಿಂತೈತಿ. ವಾರ ವಾರ ತೊಳದದ್ದು ಎಲ್ಲಾ ಇಲ್ಲೇ ಕೂಡೇತಿ."

"ನನಗ ಖಾತ್ರಿ ಆಗವಲ್ದು."

ಬಂದಗಿಸಾಬ ವಾದ ಮಾಡಲಿಲ್ಲ. ಎರಡು ಗಡಿಗೆ ತರಿಸಿದ. ಒಂದಕ್ಕೆ ಮಡುವಿನ ನೀರು ತುಂಬಿದ. ಇನ್ನೊಂದನ್ನು ಹಿಡಿದು ಹಳ್ಳದ ಮೇಲುಭಾಗಕ್ಕೆ ಅರ್ಧ ಮೈಲಿ ನಡೆದು ಹೋಗಿ, ಅಲ್ಲಿನ ಸಣ್ಣ ಹೊಂಡದ ನೀರು ತುಂಬಿಕೊಂಡ. ಅದೇ ಹೊಂಡದಲ್ಲಿ ತನ್ನ ಹೆಗಲ ವಸ್ತ್ರವನ್ನೇ ಬಲೆ ಮಾಡಿ ಹತ್ತು ಮರಿಮೀನು ಹಿಡಿದು ತಂದ. ಎರಡೂ ಗಡಿಗೆಗೆ ಐದೈದು ಬಿಟ್ಟು, "ಕೂಡ್ರಿ ಗೌಡ್ರ, ಎಲಿ ಅಡಕಿ ಹಾಕೂನು" ಎಂದ.

ಎಲೆ ಮೆದ್ದು ಉಗುಳುವಷ್ಟರಲ್ಲಿ ಮಡುವಿನ ಗಡಿಗೆಯ ಮೀನುಗಳು ಸುತ್ತು ಸುತ್ತು ತಿರುಗತೊಡಗಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಅಡ್ಡ ಬಿದ್ದವು. ಇನ್ನೊಂದು ಗಡಿಗೆಯ ಮೀನುಗಳು ತಳದಲ್ಲಿ ಚುರುಕಾಗಿ ಓಡಾಡುತ್ತಿದ್ದವು.

"ಬಿಸಲಿಗೆ ನೀರು ಕಾದು ಸತ್ತಿರಬೇಕು," ಎಂದ ಗುರುಲಿಂಗಪ್ಪ.

"ಎರಡೂ ಗಡಿಗಿ ಒಂದ ಬಿಸಲಾಗ ಅದಾವಲ್ರಿ," ಎಂದ ಬಂದಗಿಸಾಬ ಮೆಲ್ಲಗೆ. "ಗೌಡ್ರ, ಇನ್ನೊಂದು ಕೇಳ್ತೇನಿ. ಹತ್ತಿ ಹೊಲದಾಗ ಈ ವರ್ಷ ಎರಿಹುಳ ಕಂಡಾವೇನ್ರಿ? ಎಡಿಕುಂಟಿ ಹೊಡಿವಾಗ ಹಿಂದ ಬೆಳ್ಳಕ್ಕಿ ಬಂದ್ವೇನ್ರಿ?"

ಹುಳ ಕಂಡಿರಲಿಲ್ಲ, ಬೆಳ್ಳಕ್ಕಿಯೂ ಬಂದಿರಲಿಲ್ಲ. ಹಕ್ಕಿಗಳು ಈ ಸಲ ಬೇರೆ ಕಡೆ ಹೋಗಿರಬೇಕು ಎಂದುಕೊಂಡು ಗುರುಲಿಂಗಪ್ಪ ಮನೆಯ ದಾರಿ ಹಿಡಿದ.

ಮನೆಗೆ ಬಂದರೆ ಹೆಂಡತಿ ರುಕ್ಮವ್ವ ಆಗಷ್ಟೇ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬೆವರುತ್ತ ಹಿತ್ತಲ ಬಾಗಿಲಿಂದ ಒಳಗೆ ಬಂದಳು. ಅವಳು ಬಂದ ದಿಕ್ಕು ಹಳ್ಳದ್ದಲ್ಲ, ಹೊಲದ್ದು.

"ಎಲ್ಲಿಂದ ತಂದಿ ನೀರು?"

"ನಮ್ಮ ಹೊಲದ ಬಾವಿಯಿಂದ."

"ಒಂದು ಮೈಲಿ ನಡದು ಸವುಳು ನೀರು ತಂದಿಯಾ? ಮನಿ ಮುಂದ ವರತಿ ಐತಿ."

ರುಕ್ಮವ್ವ ಕೊಡ ಇಳಿಸಿದಳು. ಒಳಗೆ ಜಮಖಾನೆಯ ಮೇಲೆ ಮಗಳು ಶಂಕ್ರೆವ್ವ ಮಲಗಿದ್ದಳು. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದವಳು, ಎಂಟು ತಿಂಗಳ ಬಸುರಿ. ಎರಡು ದಿನದಿಂದ ಅವಳಿಗೆ ತಲೆಶೂಲಿ, ವಾಂತಿ. ಬಸುರಿಯರಿಗೆ ಇದು ಇದ್ದದ್ದೇ ಎಂದು ಎಲ್ಲರೂ ಸುಮ್ಮನಿದ್ದರು.

"ಮೀನಾ ತೇಲೂದು ನಾನೂ ನೋಡೀನಿ," ಎಂದಳು ರುಕ್ಮವ್ವ. "ವರತಿ ನೀರಾದ್ರೂ ಆ ಮಡುವಿನಿಂದನ ಒಸರತೈತಿ. ನನ್ನ ಮಗಳಿಗೆ ಅದನ್ನ ಕುಡಸೂದಿಲ್ಲ."

"ಬಂದಗಿಸಾಬ ನಿನ್ನ ತಲಿಯಾಗೂ ತುಂಬ್ಯಾನೇನು? ಎಣ್ಣಿ ಮನಶ್ಯಾಗ ಏನೂ ಮಾಡೂದಿಲ್ಲ."

ರುಕ್ಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡನ ಎದುರು ದನಿ ಏರಿಸುವ ಹೆಂಗಸಲ್ಲ ಅವಳು. ಆಗಲೂ ಏರಿಸಲಿಲ್ಲ.

"ಏನೂ ಮಾಡೂದಿಲ್ಲಂದ್ರ, ನಮ್ಮ ಬಾವಿ ಹಂತ್ಯಾಕ ಪಂಪು ತೊಳೀಬ್ಯಾಡಂತ ಸೋಮನಿಂಗಗ ಯಾಕ ಹೇಳಿದ್ರಿ? ನಾ ರೊಟ್ಟಿ ಬುತ್ತಿ ತಂದಾಗ ನನ್ನ ಮುಂದ ಹೇಳಿದ್ರಿ. ಬಾವ್ಯಾಗ ಒಂದು ಹನಿ ಬೀಳಬಾರ್ದು, ಹಳ್ಳಕ್ಕ ಒಯ್ಯಿ ಅಂದ್ರಿ."

ಗುರುಲಿಂಗಪ್ಪ ಪಡಸಾಲೆಗೆ ಹೋಗಿ ಕೂತ. ಹೌದು, ಹೇಳಿದ್ದ. ತನ್ನ ಬಾವಿ ಕೆಡಬಾರದೆಂದು ಅವನಿಗೆ ಅನ್ನಿಸಿತ್ತು. ಹಳ್ಳ ಎಲ್ಲರದು, ಅಂದರೆ ಯಾರದೂ ಅಲ್ಲ ಎಂಬಂತೆ ಅದರ ವಿಚಾರ ಮಾಡಿಯೇ ಇರಲಿಲ್ಲ. ಗೊತ್ತಿಲ್ಲದೆ ಆದ ತಪ್ಪು ಎಂದು ಹೇಳಿಕೊಳ್ಳಲೂ ಈಗ ದಾರಿ ಉಳಿಯಲಿಲ್ಲ. ಆ ದಿನವೆಲ್ಲ ಅವನು ಪಡಸಾಲೆಯಿಂದ ಏಳಲಿಲ್ಲ.

ಸೋಮವಾರ ಸಂಜೆ ದೈವ ಕೂಡಿತು. ಗುಡಿಯ ಕಟ್ಟೆಯ ಮೇಲೆ ಪಂಚರು, ಕೆಳಗೆ ಊರು. ಹೆಂಗಸರು ಗೋಡೆಯ ಬದಿಗೆ ನಿಂತಿದ್ದರು. ಬಂದಗಿಸಾಬನೂ ಬಂದು ಒಂದು ಕಡೆ ಕೂತಿದ್ದ. ರಾಚಪ್ಪ ರುಮಾಲು ಕೈಯಲ್ಲಿ ಹಿಡಿದು ನಡುವೆ ನಿಂತಿದ್ದ. ಅವನ ಹೆಂಡತಿ ಮಕ್ಕಳಿಗೆ ಆಗಲೇ ಓಣಿಯಲ್ಲಿ ಯಾರೂ ಒಲೆಗೆ ಬೆಂಕಿ ಕೂಡ ಕೊಡುತ್ತಿರಲಿಲ್ಲ. ತಪ್ಪು ಅವನದೇ ಎಂದಾದರೆ ಅವನು ಹನ್ನೊಂದು ಕುರಿ ತುಂಬಿ ಕೊಡಬೇಕು, ಅದಕ್ಕೆ ಅವನ ಮೂರು ಎಕರೆಯೂ ಹೋಗುತ್ತಿತ್ತು.

ಹಿರಿಯರಲ್ಲೊಬ್ಬರು ಕೇಳಿದರು. "ಗುರುಲಿಂಗಪ್ಪಾ, ನೀನ ಮದಲ ಮಾತಾಡು."

ಗುರುಲಿಂಗಪ್ಪ ಎದ್ದ. ಎದ್ದವನು ಕಟ್ಟೆಯ ಮೇಲೆ ನಿಲ್ಲದೆ ಕೆಳಗಿಳಿದು ರಾಚಪ್ಪನ ಪಕ್ಕದಲ್ಲಿ ನಿಂತ.

"ನಾ ನ್ಯಾಯ ಹೇಳೂ ಜಾಗಾದಾಗ ಕೂಡಬಾರ್ದಿತ್ತು," ಎಂದ. "ಕುರಿಗೆ ವಿಷ ರಾಚಪ್ಪ ಹಾಕಿಲ್ಲ. ನನ್ನ ಪಂಪಿನ ಎಣ್ಣಿ ಮಡುವಿನಾಗ ಕೂಡೇತಿ. ಸೋಮನಿಂಗಂದೂ ತಪ್ಪಿಲ್ಲ, ಅಂವಗ ಹಳ್ಳಕ್ಕ ಒಯ್ಯಿ ಅಂದಾಂವ ನಾನ. ನನ್ನ ಬಾವಿ ಉಳಿಸಾಕ ಊರ ಮಡು ಕೆಡಿಸೀನಿ."

 ರಾಚಪ್ಪ ನಿಂತಲ್ಲೇ ಕುಸಿದು ಕೂತು ರುಮಾಲಿನಿಂದ ಕಣ್ಣೊತ್ತಿಕೊಂಡ. ಗುರುಲಿಂಗಪ್ಪ ಅಮಸಿದ್ದನ ಕಡೆ ತಿರುಗಿದ.

"ಅಮಸಿದ್ದಾ, ಹನ್ನೊಂದಕ್ಕ ಹನ್ನೊಂದು ಕುರಿ ನಾ ತುಂಬಿ ಕೊಡ್ತೇನಿ."

ಅಮಸಿದ್ದ ಕಂಬಳಿ ಹೆಗಲಿಗೇರಿಸಿಕೊಂಡ. "ಕುರಿ ಕೊಡ್ತಿ ಅಣ್ಣಾ, ಕೊಡು, ಬ್ಯಾಡ ಅನ್ನೂದಿಲ್ಲ. ಆದ್ರ ಉಳದ ಐವತ್ತು ಕುರಿಗೆ ನಾಳಿ ಎಲ್ಲಿ ನೀರು ಕುಡಸ್ಲಿ? ಅದನ್ನ ಹೇಳು."

 ಗುರುಲಿಂಗಪ್ಪ ಬಂದಗಿಸಾಬನ ಮುಖ ನೋಡಿದ.

ಬಂದಗಿಸಾಬ ಎದ್ದು ನಿಂತು ಹೇಳಿದ. "ಮಡುವಿನ ನೀರು ಮುಂದಿನ ಮಳಿಗಾಲದ ತನಾ ಯಾರೂ ಮುಟ್ಟಬ್ಯಾಡ್ರಿ. ಸುತ್ತ ಮುಳ್ಳು ಬಡೀರಿ, ಒಂದು ದನಾನೂ ಇಳೀಬಾರ್ದು. ವರತಿ ಮುಚ್ಚಿ, ಮ್ಯಾಲಿನ ಹೊಂಡದ ಹಂತ್ಯಾಕ ಹೊಸಾದು ತೋಡ್ರಿ. ಅದು ಊರಿಗೆಲ್ಲಾ ಸಾಲೂದಿಲ್ಲ, ಕುಡಿಯಾಕಷ್ಟ. ಉಳದದ್ದಕ್ಕ ಬಾವಿ ನೀರ ಗತಿ."

"ನನ್ನ ಬಾವಿ ತಗೀತೇನಿ," ಎಂದ ಗುರುಲಿಂಗಪ್ಪ. "ಇಂಜಿನ್ನು ಹಚ್ಚಿ ದಿನಾ ಕಲ್ಲಬಾನಿ ತುಂಬಿಸ್ತೇನಿ. ಊರ ದನಾ, ಕುರಿ ಎಲ್ಲಾ ಬಂದು ಕುಡೀಲಿ. ಬೇಕಾದವ್ರು ಕೊಡಾನೂ ತುಂಬಿಕೊಳ್ಳಲಿ."

"ಹತ್ತಿಗೆ ನೀರು?" ಎಂದು ಯಾರೋ ಕೇಳಿದರು.

"ಎರಡು ಎಕರೆ ಬಿಡ್ತೇನಿ."

ಮಾತು ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಕಾಯಿ ಕಟ್ಟಿದ ಎರಡು ಎಕರೆ ಹತ್ತಿ ಕಣ್ಣ ಮುಂದೆಯೇ ಬಾಡಿತು. ಆದರೆ ದಿನಾ ಮುಂಜಾನೆ ಬಾವಿಯ ಬದಿಯ ಕಲ್ಲಬಾನಿ ತೊಟ್ಟಿಯ ಸುತ್ತ ದನ ಕುರಿ ಮುಗಿಬಿದ್ದು ನೀರು ಕುಡಿಯುವುದನ್ನು ನೋಡುವಾಗ ಗುರುಲಿಂಗಪ್ಪನ ಎದೆಯ ಭಾರ ತುಸು ಇಳಿಯುತ್ತಿತ್ತು. ಅಮಸಿದ್ದ ದಿನಾ ಬರುತ್ತಿದ್ದ. ಮೊದಲ ವಾರ ಒಂದು ಮಾತೂ ಆಡಲಿಲ್ಲ. ಎರಡನೆಯ ವಾರ, "ಬಾನಿ ತಳಕ್ಕ ಪಾಚಿ ಕಟ್ಟೇತಿ ನೋಡು, ತಿಕ್ಕಬೇಕು" ಎಂದ. ಇಬ್ಬರೂ ಕೂಡಿಯೇ ತಿಕ್ಕಿದರು.

ಉಳಿದ ಎರಡು ಎಕರೆಗೆ ಎಣ್ಣಿ ಹೊಡೆಯುವ ಮುನ್ನ ಬಂದಗಿಸಾಬ ಗುರುಲಿಂಗಪ್ಪನನ್ನು ಸಾಲು ಸಾಲು ನಡೆಸಿ, ಗಿಡ ಹಿಡಿದು ಹುಳ ಎಣಿಸಲು ಕಲಿಸಿದ. "ಹುಳ ಇಲ್ಲದಾಗ ಹೊಡದ್ರ ದುಡ್ಡೂ ಹಾಳು, ಭೂಮೀನೂ ಹಾಳು," ಎಂದ. ವಾರಕ್ಕೊಮ್ಮೆ ಹೊಡೆಯುತ್ತಿದ್ದದ್ದು ತಿಂಗಳಿಗೊಮ್ಮೆಗೆ ಇಳಿಯಿತು. ಬಾವಿಗೂ ಹಳ್ಳಕ್ಕೂ ದೂರ, ಹೊಲದ ಏರು ಮೂಲೆಯಲ್ಲಿ ಒಂದು ಗುಂಡಿ ತೋಡಿದರು. ಪಂಪು ತೊಳೆದ ನೀರು ಅಲ್ಲಿಗೇ. ಖಾಲಿ ಡಬ್ಬಿಗಳಿಗೆ ಮೊಳೆ ಹೊಡೆದು ತೂತು ಮಾಡಿ ಅಲ್ಲೇ ಹೂತರು. ಓಣಿಯ ಒಬ್ಬಾಕೆ ಅಂಥ ಡಬ್ಬಿಯೊಂದನ್ನು ತೊಳೆದು ಶೇಂಗಾ ಎಣ್ಣೆಗೆಂದು ಇಟ್ಟುಕೊಂಡಿದ್ದಳು. ರುಕ್ಮವ್ವ ಹೋಗಿ ಅದನ್ನು ಇಸಿದುಕೊಂಡು ಬಂದು, ಬದಲಿಗೆ ತನ್ನ ಹಿತ್ತಾಳೆಯ ಗಿಂಡಿ ಕೊಟ್ಟಳು.

ನೀರು ಬದಲಾದ ಮೂರನೆಯ ದಿನಕ್ಕೇ ಶಂಕ್ರೆವ್ವನ ವಾಂತಿ ನಿಂತಿತ್ತು. ನರ್ಸಬಾಯಿ ಬಂದು ನೋಡಿ, "ಕೂಸು ಚಲೋ ಐತಿ, ಹೆದರಬ್ಯಾಡ್ರಿ" ಎಂದಳು. ಚಳಿಗಾಲದ ಅವರಾತ್ರಿ ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ದಿನ ರಾಚಪ್ಪನ ಹೆಂಡತಿಯೂ ತೊಟ್ಟಿಲು ತೂಗಿದಳು.

ಮುಂಗಾರಿನ ಮಿರಗದ ಮಳೆಗೆ ಹಳ್ಳ ಎರಡು ಸಲ ದಂಡೆ ತುಂಬಿ ಹರಿಯಿತು. ಶ್ರಾವಣದಲ್ಲಿ ಬಂದಗಿಸಾಬ ಮತ್ತೆ ನೀರು ನೋಡಿ, ಮುಳ್ಳು ತೆಗೆಯಿರಿ ಎಂದ. ಅಂದು ಊರಿನವರು ತಾವೇ ಒಂದು ಕಟ್ಟಳೆ ಮಾಡಿಕೊಂಡರು. ಹಳ್ಳದ ದಂಡೆಯಿಂದ ನೂರು ಮಾರಿನೊಳಗೆ ಯಾರೂ ಪಂಪು ತೊಳೆಯಬಾರದು, ಡಬ್ಬಿ ಒಗೆಯಬಾರದು. ಅದನ್ನು ಕಾಯುವ ಹೊಣೆಯನ್ನು ಅಮಸಿದ್ದ, ರಾಚಪ್ಪ, ಗುರುಲಿಂಗಪ್ಪ ಮೂವರಿಗೂ ಕೂಡಿಸಿ ಕೊಟ್ಟರು. ಆಮೇಲೆ ಗುರುಲಿಂಗಪ್ಪ ಕೆಳಗಿನ ಊರಿಗೂ ಒಮ್ಮೆ ನಡೆದು ಹೋಗಿ, ತನ್ನ ತಪ್ಪನ್ನು ತಾನೇ ಹೇಳಿ, ಅಲ್ಲಿನ ಹತ್ತಿ ಬೆಳೆಗಾರರನ್ನು ಕೂಡಿಸಿಕೊಂಡು ಕೂತ. ಮೊದಲು ನಕ್ಕವರು ಹನ್ನೊಂದು ಕುರಿಯ ಸುದ್ದಿ ಕೇಳಿ ಹತ್ತಿರ ಸರಿದು ಕೂತರು.

ಇದನ್ನು ಓದುವ, ಓದಿಸಿ ಕೇಳುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಒಂದು ಮಡು ಇರಬಹುದು, ಕೆರೆಯೋ ಹೊಂಡವೋ ಇರಬಹುದು. ಬೆಳೆಗೆ ಔಷಧ ಹೊಡೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿರಿ, ಗಾಳಿಗೆ ಎದುರಾಗಿ ಹೊಡೆಯಬೇಡಿರಿ. ಹುಳ ಎಣಿಸಿ, ಗ್ರಾಮಸೇವಕರನ್ನು ಕೇಳಿ, ಬೇಕಾದಷ್ಟೇ ಹೊಡೆಯಿರಿ. ಪಂಪನ್ನು ಹರಿಯುವ ನೀರಲ್ಲಾಗಲಿ, ನಿಂತ ನೀರಲ್ಲಾಗಲಿ ತೊಳೆಯಬೇಡಿರಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ಕಾಳು, ಉಪ್ಪು ಏನನ್ನೂ ಇಡಬೇಡಿರಿ. ಎಲ್ಲಾದರೂ ಮೀನು ತೇಲುವುದು ಕಂಡರೆ ಆ ನೀರನ್ನು ಮನುಷ್ಯರಿಗೂ ದನಕ್ಕೂ ಕುಡಿಸದೆ ಮೊದಲು ಊರಿಗೆ ತಿಳಿಸಿರಿ. ನಿಮ್ಮ ಕೈಯಿಂದ ಈಗಾಗಲೇ ತಪ್ಪು ಆಗಿದ್ದರೆ ಮುಚ್ಚಿಡಬೇಡಿರಿ, ಬಾಯಿಬಿಟ್ಟು ಹೇಳಿರಿ. ಹೇಳಿದ ದಿನವೇ ನೀರು ಸರಿಹೋಗುವುದಿಲ್ಲ, ಆದರೆ ಅದನ್ನು ಸರಿಪಡಿಸುವ ಕೆಲಸ ಆ ದಿನವೇ ಸುರುವಾಗುತ್ತದೆ.